ಹೊಳೆಗೆ ಇಳಿಸುವ ಮುಂಚೆ ಗಾಡಿ ಎಲ್ಲೆಲ್ಲಿ ಉಸಿರಾಡುತ್ತದೆ ನೋಡಿಕೊಳ್ಳಿ

ಮಹೀಂದ್ರಾ ಥಾರ್‌ನ ವಿವರಗಳ ಪಟ್ಟಿಯಲ್ಲಿ 650 ಮಿಲಿಮೀಟರ್ ಅಂತ ಒಂದು ಅಂಕಿ ಇದೆ. ಅಷ್ಟು ಆಳದ ನೀರನ್ನು ಗಾಡಿ ದಾಟಬಲ್ಲದು ಅನ್ನುವುದು ಕಂಪನಿಯ ಮಾತು. ಫೋರ್ಸ್ ಗೂರ್ಖಾಗೆ 700, ಟೊಯೊಟಾ ಹೈಲಕ್ಸ್‌ಗೂ 700. ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ತನ್ನ ಏರ್ ಸಸ್ಪೆನ್ಷನ್ ಎತ್ತಿಕೊಂಡು ನಿಂತರೆ 900. ಜೂನ್ ಬಂದು ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ಹಳ್ಳಗಳು ತುಂಬಿದ ಕೂಡಲೇ ಜೀಪಿನವರ ನಡುವೆ ಈ ಅಂಕಿಗಳ ಚರ್ಚೆ ಶುರುವಾಗುತ್ತದೆ. ಅದರ ಹಿಂದೆಯೇ, ಎಂಜಿನ್ನಿಗೆ ಗಾಳಿ ಒಯ್ಯುವ ಬಾಯಿಯನ್ನು ಮೇಲಕ್ಕೆ ಎತ್ತುವ ಪೈಪಿನ, ಅಂದರೆ ಸ್ನಾರ್ಕೆಲ್‌ನ ಬಗ್ಗೆ ಬರುವ ಪ್ರಶ್ನೆ: ‘ಸ್ನಾರ್ಕೆಲ್ ಹಾಕಿಸಿದರೆ ಇನ್ನೂ ಎಷ್ಟು ಆಳಕ್ಕೆ ಇಳಿಸಬಹುದು?’

ಉತ್ತರ ಹೇಳುವ ಮುಂಚೆ ಒಂದು ಟೇಪ್ ತಗೊಂಡು ಅಳೆಯೋಣ. ಥಾರ್‌ನ 255/65 ಆರ್18 ಟೈರಿನ ಎತ್ತರ ಸುಮಾರು 79 ಸೆಂಟಿಮೀಟರ್. ಚಕ್ರದ ನಡುಭಾಗ, ಅಂದರೆ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಆಕ್ಸಲ್ ಮತ್ತು ಗೇರುಗಳನ್ನು ಮುಚ್ಚಿರುವ ಲೋಹದ ಕವಚ) ಇರುವ ಮಟ್ಟ, ನೆಲದಿಂದ 40 ಸೆಂಟಿಮೀಟರ್‌ಗಿಂತ ಸ್ವಲ್ಪ ಕಡಿಮೆ. ನೀರು 65 ಸೆಂಟಿಮೀಟರ್ ಇದೆ ಅಂದರೆ ಹೌಸಿಂಗ್ ಒಂದು ಗೇಣಿಗಿಂತ ಜಾಸ್ತಿ ಮುಳುಗಿದೆ. ಹಬ್ ಮುಳುಗಿದೆ, ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಮುಂದಿನ ಡಿಫರೆನ್ಶಿಯಲ್ ಮುಳುಗಿದೆ, ಗೇರ್‌ಬಾಕ್ಸ್ ಮತ್ತು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಬಹುಭಾಗ ನೀರಿನಲ್ಲಿದೆ. ಇವೆಲ್ಲದರ ಒಳಗೂ ಆಯಿಲ್ ಇದೆ, ಆಯಿಲ್ ಮೇಲೆ ಗಾಳಿ ಇದೆ, ಆ ಗಾಳಿ ಹೋಗಿ ಬರುವುದಕ್ಕೆ ಒಂದು ತೂತು ಇದೆ. ಸ್ನಾರ್ಕೆಲ್ ಇವುಗಳಲ್ಲಿ ಯಾವುದನ್ನೂ ಕಾಯುವುದಿಲ್ಲ. ಅದು ಕಾಯುವುದು ಎಂಜಿನ್ನಿನ ಬಾಯಿ ಒಂದನ್ನೇ.

ಹಾಗಾಗಿ ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ಈ ಗಾಡಿ ಎಲ್ಲೆಲ್ಲಿ ಉಸಿರಾಡುತ್ತದೆ, ಅದರಲ್ಲಿ ಎಲ್ಲಕ್ಕಿಂತ ಕೆಳಗಿರುವ ತೂತು ಯಾವುದು? ನಿಮ್ಮ ಗಾಡಿಯ ನಿಜವಾದ ಆಳ ಅದೇ ತೂತಿನ ಎತ್ತರ.

ಎರಡೂವರೆ ಚಮಚ ನೀರು

ಎಂಜಿನ್ನಿನಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲಿ ಆಗುವ ಅನಾಹುತ ಎಲ್ಲಕ್ಕಿಂತ ದುಬಾರಿ.

2.2 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಇದೆ ಅಂದುಕೊಳ್ಳಿ. ಒಂದೊಂದು ಸಿಲಿಂಡರಿಗೆ 550 ಮಿಲಿಲೀಟರ್. ಕಂಪ್ರೆಷನ್ 16ಕ್ಕೆ 1 ಅಂತಿಟ್ಟುಕೊಂಡರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 37 ಮಿಲಿಲೀಟರ್ ಮಾತ್ರ. ಅಂದರೆ ಊಟದ ದೊಡ್ಡ ಚಮಚದಲ್ಲಿ ಎರಡೂವರೆ. ಗಾಳಿಯನ್ನು ಎಷ್ಟು ಬೇಕಾದರೂ ಅದುಮಬಹುದು, ನೀರು ಅದುಮಿಸಿಕೊಳ್ಳುವುದಿಲ್ಲ. ಅದಕ್ಕಿಂತ ಜಾಸ್ತಿ ನೀರು ಒಂದು ಸಿಲಿಂಡರಿಗೆ ಹೋಯಿತು ಅಂದರೆ, ಮೇಲೆ ಬರುತ್ತಿರುವ ಪಿಸ್ಟನ್ ಅರ್ಧದಲ್ಲೇ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ. ಕ್ರ್ಯಾಂಕ್ ಮಾತ್ರ ಕೆಳಗಿನಿಂದ ತಳ್ಳುತ್ತಲೇ ಇರುತ್ತದೆ. ನಡುವೆ ಸಿಕ್ಕಿಕೊಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಮುರಿದು ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ. ಗ್ಯಾರೇಜಿನಲ್ಲಿ ‘ಹೈಡ್ರೋಲಾಕ್’ ಅನ್ನುವುದು ಇದಕ್ಕೆ.

ಅಷ್ಟು ನೀರು ಒಳಗೆ ಹೋಗಲು ಎಷ್ಟು ಹೊತ್ತು ಬೇಕು? ಇದೇ ಎಂಜಿನ್ 2000 ಆರ್‌ಪಿಎಂನಲ್ಲಿ, ಟರ್ಬೊ ಲೆಕ್ಕ ಬಿಟ್ಟರೂ, ಸೆಕೆಂಡಿಗೆ 36 ಲೀಟರಿನಷ್ಟು ಗಾಳಿ ಎಳೆಯುತ್ತದೆ. ಗಾಳಿಯ ಬಾಯಿ ಒಂದು ಕ್ಷಣ ನೀರಿನ ಕೆಳಗೆ ಹೋದರೂ ಸಾಕು. ಪೆಟ್ರೋಲ್ ಎಂಜಿನ್ ಬಚಾವು ಅಂದುಕೊಳ್ಳಬೇಡಿ. 1.5 ಲೀಟರಿನ, 10ಕ್ಕೆ 1 ಕಂಪ್ರೆಷನ್ ಇರುವ ಎಂಜಿನ್ನಿನಲ್ಲಿ ಆ ಜಾಗ 42 ಮಿಲಿಲೀಟರ್. ಅಂಥ ದೊಡ್ಡ ವ್ಯತ್ಯಾಸವೇನೂ ಇಲ್ಲ.

ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ಹುಡುಕಿ. ಅದರಿಂದ ಮುಂದಕ್ಕೆ ಹೋಗುವ ಪೈಪನ್ನು ಬೆರಳಲ್ಲೇ ಹಿಡಿದುಕೊಂಡು ಹೋದರೆ ಗಾಳಿಯ ಬಾಯಿ ಸಿಗುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಗ್ರಿಲ್ಲಿನ ಹಿಂದೆ ಇಲ್ಲವೇ ಹೆಡ್‌ಲೈಟಿನ ಪಕ್ಕ ಮುಂದಕ್ಕೆ ಮುಖ ಮಾಡಿ ಇರುತ್ತದೆ. ತಂಪು ಗಾಳಿಗೆ ಒಳ್ಳೆಯ ಜಾಗ, ಎದುರಿನಿಂದ ಬರುವ ಅಲೆಗೂ ಅಷ್ಟೇ ಒಳ್ಳೆಯ ಜಾಗ. ನೆಲದಿಂದ ಆ ಬಾಯಿಯ ಕೆಳಗಿನ ಅಂಚಿಗೆ ಅಳತೆ ತೆಗೆದು ಬರೆದಿಟ್ಟುಕೊಳ್ಳಿ.

ಸ್ನಾರ್ಕೆಲ್ ಮಾಡುವುದು ಇಷ್ಟೇ: ಆ ಬಾಯಿಯನ್ನು ಬಾನೆಟ್ ಪಕ್ಕದಿಂದ ಹೊರಗೆ ತಂದು ಟಾಪಿನ ಎತ್ತರಕ್ಕೆ ಒಯ್ಯುತ್ತದೆ. ಗೂರ್ಖಾಗೆ ಇದು ಫ್ಯಾಕ್ಟರಿಯಿಂದಲೇ ಬರುತ್ತದೆ. ಬೇರೆ ಗಾಡಿಗಳಿಗೆ ಹೊರಗೆ ಹಾಕಿಸಬೇಕು, ಅಂದರೆ ಫೆಂಡರ್ ಕೊರೆಯಬೇಕು. ಇಲ್ಲಿ ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿಯಾಗಿ ಹೇಳಿತು. ಕೊರೆಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ವಾರಂಟಿಯ ಮಾತು ಬೇರೆ.

ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯಿತಾ? ಅರ್ಧಕ್ಕರ್ಧ ಸ್ನಾರ್ಕೆಲ್‌ಗಳು ಸೋಲುವುದು ಪೈಪಿನಲ್ಲಲ್ಲ, ಜಾಯಿಂಟಿನಲ್ಲಿ. ಕೆಲವಂತೂ ಸುಮ್ನೆ ಶೋಕಿಗೆ ಹಾಕಿದವು, ಏರ್ ಫಿಲ್ಟರ್ ಡಬ್ಬಿಗೆ ಸೇರಿಯೇ ಇರುವುದಿಲ್ಲ. ಸೇರಿದ್ದರೂ ಫೆಂಡರ್ ಒಳಗಿನ ರಬ್ಬರ್ ಕೊಳವೆಗೆ ಒಳ್ಳೆಯ ಕ್ಲ್ಯಾಂಪ್ ಬಿದ್ದಿದೆಯಾ, ಸೀಲಂಟ್ ಸುತ್ತಲೂ ಹತ್ತಿದೆಯಾ ನೋಡಬೇಕು. ಆಮೇಲೆ ಎಲ್ಲರೂ ಮರೆಯುವ ಜಾಗ ಒಂದಿದೆ. ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ, ಮಳೆನೀರು ಸೋರಿಹೋಗಲಿ ಅಂತ ಬಿಟ್ಟಿರುವ ಸಣ್ಣ ತೂತು. ಕೆಲವಕ್ಕೆ ಅಲ್ಲಿ ಒಳಗಿನಿಂದ ಹೊರಗೆ ಮಾತ್ರ ಬಿಡುವ ರಬ್ಬರ್ ವಾಲ್ವ್ ಇರುತ್ತದೆ. ಅದು ಒಣಗಿ ಸೀಳಿದ್ದರೆ ತಲೆಯ ಮಟ್ಟದಲ್ಲಿ ಸ್ನಾರ್ಕೆಲ್ ಇದ್ದೂ ಎಂಜಿನ್ ಸೊಂಟದ ಮಟ್ಟದಲ್ಲಿ ನೀರು ಕುಡಿಯುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಸ್ನಾರ್ಕೆಲ್ ತಲೆ ಬಿಚ್ಚಿ, ಪೈಪಿನ ಬಾಯಿಗೆ ಅಂಗೈ ಒತ್ತಿ ಮುಚ್ಚಿ. ಒಂದೆರಡು ಸೆಕೆಂಡಿನಲ್ಲಿ ಎಂಜಿನ್ ಉಸಿರುಗಟ್ಟಿ ಆಫ್ ಆಗಬೇಕು. ಆರಾಮಾಗಿ ಓಡುತ್ತಲೇ ಇದೆ ಅಂದರೆ ಅದು ಇನ್ನೆಲ್ಲಿಂದಲೋ ಗಾಳಿ ಎಳೆಯುತ್ತಿದೆ. ಗಾಳಿ ಬರುವ ಕಡೆಯಿಂದ ನೀರೂ ಬರುತ್ತದೆ. ಈ ಪರೀಕ್ಷೆಯಲ್ಲಿ ಆಕ್ಸಿಲರೇಟರ್ ಮಾತ್ರ ಮುಟ್ಟಬೇಡಿ, ಎಳೆತಕ್ಕೆ ರಬ್ಬರ್ ಕೊಳವೆ ಒಳಕ್ಕೆ ಕುಸಿಯಬಹುದು.

ಹೌಸಿಂಗ್ ನೀರು ಎಳೆಯುವುದು ಹೇಗೆ

ಎಂಜಿನ್ ಕೆಟ್ಟರೆ ಹೊಳೆಯ ಮಧ್ಯದಲ್ಲೇ ಗೊತ್ತಾಗುತ್ತದೆ. ಹೌಸಿಂಗಿಗೆ ನೀರು ಹೋದರೆ ಗೊತ್ತಾಗುವುದು ತಿಂಗಳುಗಳ ನಂತರ, ಅದರೊಳಗಿನ ಗೇರುಗಳಾದ ಕ್ರೌನ್ ಪಿನಿಯನ್ ಕಿರುಚಿಕೊಂಡಾಗ. ಅದಕ್ಕೇ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೆಂಗಳೂರಿನಿಂದ ನಾಲ್ಕು ತಾಸು ಹೈವೇಯಲ್ಲಿ ಬಂದಿದ್ದೀರಿ. ಹಿಂದಿನ ಹೌಸಿಂಗ್ ಮುಟ್ಟಿದರೆ ಕೈ ಸುಡುತ್ತದೆ, ಒಳಗಿನ ಗಾಳಿ 80 ಡಿಗ್ರಿಯ ಹತ್ತಿರ ಇದೆ ಅಂತಿಟ್ಟುಕೊಳ್ಳಿ. ಹಾಗೇ ಸೀದಾ ಹಳ್ಳಕ್ಕೆ ಇಳಿಸಿದಿರಿ. ಮಳೆಗಾಲದ ನೀರು, 25 ಡಿಗ್ರಿ. ಹೌಸಿಂಗ್ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಶೇಕಡಾ 16ರಷ್ಟು ಇಳಿಯಬಹುದು. ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಒಂದೂವರೆ ಮೀಟರಿಗೂ ಜಾಸ್ತಿ. ಅಂದರೆ ನಿಮ್ಮ ಹೌಸಿಂಗ್ ಮುಳುಗಿರುವುದು ಬರೀ 25 ಸೆಂಟಿಮೀಟರ್ ಆದರೂ, ಆಯಿಲ್ ಸೀಲಿನ ಮೇಲೆ ಬೀಳುವ ಎಳೆತ ಆಳೆತ್ತರದ ನೀರಿನಲ್ಲಿ ಮುಳುಗಿಸಿದಷ್ಟು ಇರಬಹುದು. ಆಯಿಲ್ ಸೀಲ್ ಮಾಡಿರುವುದು ಒಳಗಿನ ಆಯಿಲ್ ಹೊರಗೆ ಹೋಗದ ಹಾಗೆ ತಡೆಯಲು. ಹೊರಗಿನ ನೀರನ್ನು ತಡೆಯುವ ಕಡೆಗೆ ಅದರ ತುಟಿ ಅಷ್ಟು ಗಟ್ಟಿ ಅಲ್ಲ.

ಇದಕ್ಕೇ ಬ್ರೀದರ್, ಅಂದರೆ ಗಾಳಿ ಹೋಗಿ ಬರುವ ತೂತು, ಇರುವುದು. ಹೌಸಿಂಗ್ ಮೇಲೆ ಕೈಯಾಡಿಸಿದರೆ ಬೆರಳ ತುದಿಯಷ್ಟು ದೊಡ್ಡ ಒಂದು ಲೋಹದ ಟೋಪಿ ಸಿಗುತ್ತದೆ. ಎಸ್ಟೇಟ್ ಕಡೆಯ ಗಾಡಿಗಳಲ್ಲಿ ಅದರ ಮೇಲೆ ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಕೆಸರು ಕೆರೆದು ತೆಗೆದು, ಟೋಪಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿ ಸ್ವಲ್ಪ ಮೇಲೆ ಕೆಳಗೆ ಆಡಿದರೆ ಸರಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬ್ರೀದರ್ ಇಲ್ಲದ ಹಾಗೆಯೇ. ಇನ್ನೊಂದು ತೊಂದರೆ ಏನೆಂದರೆ, ಇಂಥ ಟೋಪಿಗಳಲ್ಲಿ ಬಹಳಷ್ಟು ಬಿಸಿಗಾಳಿಯನ್ನು ಹೊರಗೆ ಬಿಡುತ್ತವೆ, ಒಳಕ್ಕೆ ಬಿಡುವುದಿಲ್ಲ. ನೀರಲ್ಲಿ ನಮಗೆ ಬೇಕಾಗಿರುವುದು ಒಳಕ್ಕೆ ಬರುವ ಗಾಳಿ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಟೋಪಿ ಬಿಚ್ಚಿ, ಅದೇ ಥ್ರೆಡ್ಡಿಗೆ ಕೂರುವ ನಿಪ್ಪಲ್ ಹಾಕಿ, ಆಯಿಲ್ ತಡೆಯುವ ಹೋಸ್ ಸಿಕ್ಕಿಸಿ, ಚಾಸಿ ಗುಂಟ ತಂದು ಬಾನೆಟ್ ಒಳಗೆ ಫೈರ್‌ವಾಲಿನ ಮೇಲ್ತುದಿಗೆ ಕಟ್ಟಬೇಕು. ಸ್ನಾರ್ಕೆಲ್ ಇದ್ದರೆ ಅದರ ಗುಂಟ ಮೇಲಕ್ಕೂ ಒಯ್ಯಬಹುದು. ತುದಿಗೆ ಒಂದು ಸಣ್ಣ ಫಿಲ್ಟರ್. ಹಿಂದಿನ ಹೌಸಿಂಗ್, ಮುಂದಿನದು, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ನಾಲ್ಕಕ್ಕೂ ಹೀಗೆ ಮಾಡಿಸಿ. ಕೆಲವು ಗಾಡಿಗಳಲ್ಲಿ ಕಂಪನಿಯೇ ಹೋಸ್ ಕೊಟ್ಟಿರುತ್ತದೆ. ಆಗ ಅದು ಎಲ್ಲಿಯವರೆಗೆ ಬಂದು ನಿಂತಿದೆ ಅಂತ ನೋಡಿದರೆ ಸಾಕು. ಮೇಸ್ತ್ರಿಗೆ ಎರಡು ಮಾತು ಹೇಳಿ. ಹೌಸಿಂಗ್ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಹೋಸ್ ಎಳೆದುಕೊಳ್ಳಬಾರದು, ಅಷ್ಟು ಸಡಿಲ ಬೇಕು. ಸಡಿಲ ಬಿಟ್ಟ ಕಡೆ ಕೆಳಕ್ಕೆ ಜೋಲಿ ಬಿದ್ದು ನೀರು ನಿಲ್ಲುವ ಹಾಗೂ ಆಗಬಾರದು. ಸೈಲೆನ್ಸರ್ ಹತ್ತಿರ ಹೋಗಲೇಬಾರದು.

ನನ್ನನ್ನು ಕೇಳಿದರೆ, ಸ್ನಾರ್ಕೆಲ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲು ಇದನ್ನು ಮಾಡಿಸಿ, ಹಳೆಯ ಆಯಿಲ್ ಸೀಲ್ ಮತ್ತು ಹರಿದ ಸಿ.ವಿ. ಬೂಟ್ (ಆಕ್ಸಲ್ ಜಾಯಿಂಟಿನ ರಬ್ಬರ್ ಹೊದಿಕೆ) ಬದಲಾಯಿಸಿ. ನಮ್ಮ ಹಳ್ಳಗಳಿಗೆ ಬಹುಪಾಲು ಇದೇ ಸಾಕು. ಇನ್ನು ಖರ್ಚೇ ಇಲ್ಲದ ಉಪಾಯ ಅಂದರೆ ನೀರಿಗೆ ಇಳಿಸುವ ಮುಂಚೆ ಹದಿನೈದು ನಿಮಿಷ ಗಾಡಿ ನಿಲ್ಲಿಸುವುದು. ಹೌಸಿಂಗ್ ಪೂರ್ತಿ ಆರುವುದಿಲ್ಲ, ಆದರೂ ಎಷ್ಟು ಆರಿದರೆ ಅಷ್ಟು ಎಳೆತ ಕಡಿಮೆ. ಆ ಹೊತ್ತಿನಲ್ಲಿ ಹಳ್ಳ ನೋಡಿಕೊಂಡು ಬರಬಹುದು.

ಫ್ಯಾನ್, ವೈರು, ಕ್ಲಚ್

ರೇಡಿಯೇಟರ್ ಹಿಂದೆ ತಿರುಗುವ ಫ್ಯಾನಿಗೆ ನೀರು ಸಿಕ್ಕರೆ ಅದು ಹಡಗಿನ ಪ್ರೊಪೆಲ್ಲರ್ ಕೆಲಸ ಶುರು ಮಾಡುತ್ತದೆ. ಬ್ಲೇಡುಗಳು ಮುಂದಕ್ಕೆ ಬಾಗಿ ರೇಡಿಯೇಟರನ್ನು ಕೊರೆಯುತ್ತವೆ. ಬೆಲ್ಟಿನಿಂದ ಓಡುವ ಹಳೆಯ ಫ್ಯಾನಿದ್ದರೆ ಆಳದ ನೀರಿಗೆ ಮುಂಚೆ ಬೆಲ್ಟ್ ಬಿಚ್ಚುವುದು ಹಳೇ ಜೀಪಿನವರ ಪದ್ಧತಿ. ಎಲೆಕ್ಟ್ರಿಕ್ ಫ್ಯಾನಿದ್ದರೆ ದಾಟುವಷ್ಟು ಹೊತ್ತು ಅದು ಆನ್ ಆಗದಂತೆ ಒಂದು ಸ್ವಿಚ್ ಕೊಡಿಸಬಹುದು. ದಡ ಹತ್ತಿದ ಕೂಡಲೇ ಮತ್ತೆ ಆನ್ ಮಾಡಲು ಮಾತ್ರ ಮರೆಯಬಾರದು. ಏಸಿ ಮೊದಲೇ ಆಫ್ ಮಾಡಿ, ಅದು ಆನ್ ಇದ್ದರೆ ಫ್ಯಾನ್ ತಾನಾಗೇ ತಿರುಗುತ್ತದೆ.

ಗ್ರಿಲ್ ಮುಂದೆ ಟಾರ್ಪಾಲ್ ಕಟ್ಟಿಕೊಂಡು ಇಳಿಯುವುದನ್ನು ನೀವು ನೋಡಿರಬಹುದು. ಅದು ಬರೀ ವೇಷ ಅಲ್ಲ. ಗಾಡಿ ಮುಂದಕ್ಕೆ ಹೋಗುತ್ತಿರುವಾಗ ಟಾರ್ಪಾಲ್ ನೀರನ್ನು ಪಕ್ಕಕ್ಕೆ ತಳ್ಳಿ ಬಾನೆಟ್ ಒಳಗಿನ ಮಟ್ಟವನ್ನು ಕೆಳಗೇ ಇಡುತ್ತದೆ. ಗಾಡಿ ನಿಂತರೆ ಮುಗಿಯಿತು, ಕೆಳಗಿನಿಂದ ನೀರು ಏರುತ್ತದೆ.

ವೈರಿನ ವಿಷಯಕ್ಕೆ ಬಂದರೆ ಹಳೆಯ ಗಾಡಿಗಳ ಕಥೆಯೇ ಬೇರೆ. ಮಲೆನಾಡಿನ ಎಸ್ಟೇಟುಗಳಲ್ಲಿ ಇನ್ನೂ ಓಡುವ ಮಹೀಂದ್ರಾ ಎಂಎಂ 540 ತರಹದ ಡೀಸೆಲ್ ಜೀಪುಗಳಿಗೆ ಕಂಪ್ಯೂಟರ್ ಇಲ್ಲ. ಪಂಪು ಮೆಕ್ಯಾನಿಕಲ್, ಎಂಜಿನ್ ನಿಲ್ಲಿಸುವುದು ಕೈಯಲ್ಲಿ ಎಳೆಯುವ ಕೇಬಲ್ಲಿನಿಂದ. ಒಮ್ಮೆ ಸ್ಟಾರ್ಟ್ ಆದರೆ ಗಾಳಿ ಮತ್ತು ಡೀಸೆಲ್ ಸಿಗುತ್ತಿರುವಷ್ಟು ಹೊತ್ತು ಓಡುತ್ತಲೇ ಇರುತ್ತವೆ. ಹಳೆಯ ಪೆಟ್ರೋಲ್ ಜಿಪ್ಸಿಗಳಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ, ಪ್ಲಗ್ ವೈರಿಗೆ ನೀರು ತಾಗಿದರೆ ಕರೆಂಟ್ ಲೀಕಾಗಿ ಆಫ್ ಆಗುತ್ತವೆ. ಆದರೆ ಒರೆಸಿ ಒಣಗಿಸಿದರೆ ಮತ್ತೆ ಸರಿ. 1944ರಲ್ಲಿ ನಾರ್ಮಂಡಿ ದಡಕ್ಕೆ ಇಳಿದ ಜೀಪುಗಳಿಗೂ ಇದೇ ತಲೆನೋವಿತ್ತು. ಇಗ್ನಿಷನ್ ಭಾಗಗಳಿಗೆ ನೀರು ತಾಗದಂತೆ ಗಟ್ಟಿ ಗ್ರೀಸ್ ಮೆತ್ತಿ, ಗಾಳಿ ಮತ್ತು ಹೊಗೆಯ ಪೈಪುಗಳನ್ನು ಮೇಲಕ್ಕೆ ಎತ್ತಿ ಕಟ್ಟಿ ಅವನ್ನು ಸಮುದ್ರಕ್ಕೆ ಇಳಿಸಿದ್ದರು.

ಬಿಎಸ್ 6 ಗಾಡಿಯಲ್ಲಿ ಒರೆಸಿ ಒಣಗಿಸುವ ಆಟ ನಡೆಯುವುದಿಲ್ಲ. ಎಬಿಎಸ್ ಸೆನ್ಸರ್ ಹಬ್ಬಿನಲ್ಲಿದೆ, ಹೊಗೆಯ ಸೆನ್ಸರ್‌ಗಳು ಸೈಲೆನ್ಸರ್ ಗುಂಟ ಇವೆ, ಸೀಟಿನ ಕೆಳಗೆ ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಇದೆ. ಒಂದರಲ್ಲಿ ನೀರು ಕೂತರೂ ಡ್ಯಾಶ್‌ಬೋರ್ಡ್ ತುಂಬ ದೀಪ. ಮಾಡಬೇಕಾದ್ದು ಇಷ್ಟು: ಕೆಳಮಟ್ಟದ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ರಬ್ಬರ್ ರಿಂಗ್ ಇದೆಯಾ ನೋಡಿ, ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಬಿಡದ) ಗ್ರೀಸ್ ಹಚ್ಚಿ ಟಕ್ ಅನ್ನುವ ತನಕ ಒತ್ತಿ ಕೂರಿಸುವುದು. ಬ್ಯಾಟರಿ ಸಡಿಲ ಇರಬಾರದು. ಹೊರಗಿನ ಗ್ಯಾರೇಜಿನಲ್ಲಿ ಫಾಗ್‌ಲ್ಯಾಂಪ್, ಹಾರ್ನ್ ಅಂತ ಹಾಕಿಸಿದ ವೈರುಗಳಿದ್ದರೆ ಮೊದಲು ಅವನ್ನೇ ನೋಡಿ. ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಮಳೆಗೆ ತಡೆದೀತು, ಹೊಳೆಗೆ ತಡೆಯುವುದಿಲ್ಲ.

ಕ್ಲಚ್ಚಿಗೆ ನೀರು ಹೋಗುವುದು ಅದನ್ನು ಮುಚ್ಚಿರುವ ಕವಚದ, ಅಂದರೆ ಬೆಲ್ ಹೌಸಿಂಗಿನ, ತಳದ ತೂತಿನಿಂದ. ಹಳೆಯ ಲ್ಯಾಂಡ್ ರೋವರ್‌ಗಳಿಗೆ ಆ ತೂತು ಮುಚ್ಚಲು ಒಂದು ಪ್ಲಗ್ಗನ್ನೇ ಕೊಡುತ್ತಿದ್ದರು. ನೀರಿಗೆ ಮುಂಚೆ ಹಾಕಬೇಕು, ಆಮೇಲೆ ತೆಗೆಯಬೇಕು. ತೆಗೆಯದಿದ್ದರೆ ಸೋರಿದ ಆಯಿಲ್ ಹೊರಗೆ ಹೋಗಲು ದಾರಿಯಿಲ್ಲದೆ ಕ್ಲಚ್ ಪ್ಲೇಟಿಗೇ ಸೇರುತ್ತದೆ. ನಿಮ್ಮ ಗಾಡಿಗೆ ಅದಿಲ್ಲ ಅಂದರೆ ನೀರಿನಲ್ಲಿ ಕ್ಲಚ್ ತುಳಿಯದೇ ಇರುವುದೇ ಉಪಾಯ. ತುಳಿದಾಗ ಪ್ಲೇಟ್ ಬಿಟ್ಟುಕೊಳ್ಳುತ್ತದೆ, ನಡುವೆ ಕೆಸರುನೀರು ಹೋಗುತ್ತದೆ, ಆಮೇಲೆ ಕ್ಲಚ್ ಜಾರುತ್ತದೆ.

ಗಾಡಿ ತಯಾರಾದರೂ ಹೊಳೆ ತಯಾರಿಲ್ಲದಿರಬಹುದು

ಎಷ್ಟೇ ಸೀಲ್ ಮಾಡಿಸಿದ್ದರೂ ತಡೆಯಲಾಗದ ಎರಡು ವಿಷಯಗಳಿವೆ. ಗಾಡಿ ತೇಲುವುದು, ನೀರು ತಳ್ಳುವುದು.

ನನ್ನ ಒರಟು ಲೆಕ್ಕ ಹೇಳುತ್ತೇನೆ. ಗಾಡಿಯ ಒಳನೆಲ ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಬಾಗಿಲು ಬಿಗಿಯಾಗಿದ್ದರೆ, ಆ ನೆಲದಿಂದ ಮೇಲೆ ನೀರು ಏರುವ ಪ್ರತಿ 10 ಸೆಂಟಿಮೀಟರ್ ಗಾಡಿಯನ್ನು ಸುಮಾರು 375 ಕಿಲೋ ಮೇಲಕ್ಕೆ ಎತ್ತುತ್ತದೆ. 65 ಸೆಂಟಿಮೀಟರ್ ನೀರಿನಲ್ಲಿ ಒಳನೆಲ 20 ಸೆಂಟಿಮೀಟರ್ ಮುಳುಗಿದ್ದರೆ 750 ಕಿಲೋ. ಗಾಳಿ ತುಂಬಿದ ನಾಲ್ಕು ಟೈರುಗಳದ್ದು ಇನ್ನೊಂದು 250. ಒಟ್ಟು ಒಂದು ಟನ್. ಗಾಡಿಯ ತೂಕ 1700 ಕಿಲೋ ಇದ್ದರೆ ನೆಲಕ್ಕೆ ಒತ್ತುವುದು 700 ಕಿಲೋ ಮಾತ್ರ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಅಷ್ಟು ಭಾರಕ್ಕೆ ಸಿಗುವ ಹಿಡಿತ 280 ಕಿಲೋ ಅಂದುಕೊಳ್ಳೋಣ.

ಈಗ ಪಕ್ಕದಿಂದ ನೀರು ಬರುತ್ತಿದೆ. ನೀರಿಗೆ ಎದುರಾಗಿರುವ ಭಾಗ, ಚಕ್ರ ಬಾಡಿ ಸೇರಿ, ಒಂದೂವರೆ ಚದರ ಮೀಟರ್. ಸೆಳೆತ ಸೆಕೆಂಡಿಗೆ ಒಂದು ಮೀಟರ್ ಇದ್ದರೆ ತಳ್ಳುವ ಬಲ ಸುಮಾರು 75 ಕಿಲೋ. ತೊಂದರೆ ಇಲ್ಲ. ಎರಡು ಮೀಟರ್ ಆದರೆ ಡಬಲ್ ಅಲ್ಲ, ನಾಲ್ಕು ಪಟ್ಟು, 300 ಕಿಲೋ. ಹಿಡಿತ 280, ತಳ್ಳುವುದು 300. ಗಾಡಿ ಜಾರಲು ಶುರು. ಸೆಕೆಂಡಿಗೆ ಎರಡು ಮೀಟರ್ ಅಂದರೆ ಗಂಟೆಗೆ ಏಳು ಕಿಲೋಮೀಟರ್ ಅಷ್ಟೇ, ಜೋರಾಗಿ ನಡೆಯುವವರ ವೇಗ. ರಭಸದ ನೀರು ಒಂದಡಿ ಇದ್ದರೆ ಬಹುತೇಕ ಕಾರುಗಳನ್ನು, ಎರಡಡಿ ಇದ್ದರೆ ಎಸ್‌ಯುವಿಗಳನ್ನೂ ಒಯ್ಯುತ್ತದೆ ಅಂತ ಅಮೆರಿಕದ ಹವಾಮಾನ ಸೇವೆ ಜನರಿಗೆ ಹೇಳುತ್ತದೆ. ಲೆಕ್ಕ ಹೆಚ್ಚುಕಮ್ಮಿ ತಾಳೆಯಾಗುತ್ತದೆ, ಅಲ್ವಾ? ಬ್ರೋಷರಿನ 650 ನಿಂತ ನೀರಿಗೆ.

ಹಾಗಾಗಿ ಮೊದಲು ನಡೆದು ನೋಡಬೇಕು. ಕೈಯಲ್ಲೊಂದು ಗಟ್ಟಿ ಕೋಲು, ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿ ಹಿಡಿಯಲು ದಡದಲ್ಲಿ ಒಬ್ಬರು. ನಿಮಗೆ ನಿಲ್ಲಲು ಆಗದ ಸೆಳೆತದಲ್ಲಿ ಗಾಡಿಗೂ ಕೆಲಸವಿಲ್ಲ. ಕೋಲಿನಲ್ಲಿ ಆಳ ನೋಡಿ, ಅಳತೆಯನ್ನು ಗಾಡಿಯ ಪಕ್ಕ ಇಟ್ಟು ಹೋಲಿಸಿ. ತಳ ಕಲ್ಲಾ, ಮರಳಾ, ಕೆಸರಾ ಅನ್ನುವುದೂ ಕಾಲಿಗೆ ಗೊತ್ತಾಗುತ್ತದೆ. ಮರಳು ತೆಗೆದ ಹೊಳೆಗಳಲ್ಲಿ ಜಾಸ್ತಿ ಎಚ್ಚರ ಬೇಕು. ಮೊಣಕಾಲುದ್ದ ಇರುವ ಕಡೆ ಎರಡು ಹೆಜ್ಜೆಗೆ ಆಳೆತ್ತರದ ಗುಂಡಿ ಇರುತ್ತದೆ, ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅಣೆಕಟ್ಟಿನ ಕೆಳಗಿನ ಹೊಳೆ, ಘಟ್ಟದ ಮೇಲೆ ಮಳೆ ಹೊಯ್ಯುತ್ತಿರುವ ಹಳ್ಳ, ಎರಡರಲ್ಲೂ ಹೋಗುವಾಗ ಇದ್ದ ನೀರು ಬರುವಾಗ ಇರುವುದಿಲ್ಲ. ಊರಿನವರನ್ನು ಕೇಳಿ. ‘ಮುಳುಗು ಸೇತುವೆ ಮೇಲೆ ನೀರು ಬಂದಿದೆ, ಹೋಗಬೇಡಿ’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಸೇತುವೆಯ ಅಂಚು ಎಲ್ಲಿದೆ ಅನ್ನುವುದು ಕೆಂಪು ನೀರಿನಲ್ಲಿ ಯಾರಿಗೂ ಕಾಣುವುದಿಲ್ಲ.

ಊರಿನೊಳಗಿನ ನೀರಿಗೂ ಇದೇ ಮಾತು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕಿದ ಕಾರಿನಲ್ಲಿ ಒಂದು ಜೀವ ಹೋಯಿತು. ಅಂಡರ್‌ಪಾಸಿನಲ್ಲಿ ನೀರು ನಡುವಿನ ತಗ್ಗಿಗೆ ಸೇರುತ್ತದೆ. ಹೊರಗಿನಿಂದ ಕಾಣುವುದು ಮೇಲ್ಮೈ ಮಾತ್ರ, ಆಳ ಅಲ್ಲ.

ಇನ್ನೊಂದು ಮಾತು ಸೇರಿಸುತ್ತೇನೆ. ಮೊದಲ ಮಳೆಗೆ ಹೊಳೆಯಿಂದ ಸಣ್ಣ ಹಳ್ಳಗಳಿಗೆ ಹತ್ತುಮೀನು ಏರುವ ಹೊತ್ತಿನಲ್ಲಿ, ಮೊಟ್ಟೆಯಿಡುವ ಜಾಗದಲ್ಲಿ, ವಿಡಿಯೊ ಮಾಡಿಕೊಳ್ಳಲು ಹತ್ತು ಸಲ ಆಚೀಚೆ ಗಾಡಿ ಓಡಿಸುವುದು ಬೇಡ. ದಾಟಲೇಬೇಕಿದ್ದರೆ ದಾಟಿ ಮುಂದೆ ಹೋಗಿ. 2023ರ ಡಿಸೆಂಬರಿನಲ್ಲಿ ಹಿಮಾಚಲದ ಚಂದ್ರಾ ನದಿಯೊಳಗೆ ಥಾರ್ ಓಡಿಸಿದವರಿಗೆ ಲಾಹೌಲ್-ಸ್ಪಿತಿ ಪೊಲೀಸರು ಚಲನ್ ಕೊಟ್ಟಿದ್ದರು. ಕಾಡಿನೊಳಗಿನ ಹೊಳೆ ಆದರೆ ಅರಣ್ಯ ಇಲಾಖೆಯ ಕೇಸೂ ಸೇರುತ್ತದೆ.

ದಾಟುವಾಗ

ಎಳೆಯುವ ಬೆಲ್ಟನ್ನು ಇಳಿಯುವ ಮುಂಚೆಯೇ ಹಿಂದಿನ ಹುಕ್ಕಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೈಗೆ ಸಿಗುವ ಹಾಗೆ ಮೇಲೆ ಕಟ್ಟಿಡಿ. ಕೆಸರುನೀರಲ್ಲಿ ಮುಳುಗಿ ಹುಕ್ ಹುಡುಕುವ ಪಾಡು ಬೇಡ. ಕಿಟಕಿ ಇಳಿಸಿ. ಪವರ್ ವಿಂಡೋ ಆಮೇಲೆ ಕೆಲಸ ಮಾಡದೇ ಇರಬಹುದು. ಸೀಟ್ ಬೆಲ್ಟ್ ಇಲ್ಲಿ ಬಿಚ್ಚಿಡುವುದೇ ಒಳ್ಳೆಯದು, ವೇಗ ನಡೆಯುವವರಷ್ಟೇ ಇರುತ್ತದೆ.

4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿ, ಮೊದಲನೇ ಇಲ್ಲವೇ ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿಸಿ. ರಭಸದಿಂದ ನುಗ್ಗಿ ಎರಡೂ ಕಡೆ ನೀರು ಚಿಮ್ಮಿಸುವುದು ಫೋಟೊಗೆ ಚೆಂದ, ಗಾಳಿಯ ಬಾಯಿಗೆ ಆ ಕ್ಷಣ ಕೆಟ್ಟದ್ದು. ಇಳಿದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬಂಪರ್ ಮುಂದೆ ಒಂದು ಅಲೆ ಎದ್ದು ನಿಲ್ಲುವಷ್ಟು ವೇಗ ಹಿಡಿಯಿರಿ, ಗಂಟೆಗೆ ಆರೇಳು ಕಿಲೋಮೀಟರ್. ಆ ಅಲೆಯ ಹಿಂದೆ, ಬಾನೆಟ್ ಕೆಳಗೆ, ನೀರಿನ ಮಟ್ಟ ತಗ್ಗುತ್ತದೆ. ಅಲೆಗಿಂತ ಮುಂದೆ ಓಡಬೇಡಿ, ಅದು ಸಾಯುವಷ್ಟು ನಿಧಾನವೂ ಬೇಡ. ಒಂದೇ ಸಮ ಹೋಗಿ. ಗೇರ್ ಬದಲಾಯಿಸಬೇಡಿ, ಕ್ಲಚ್ ಮುಟ್ಟಬೇಡಿ. ಸಾಧ್ಯವಾದರೆ ಸೆಳೆತದ ಜೊತೆ ಸ್ವಲ್ಪ ಓರೆಯಾಗಿ, ಕೆಳಗಿನ ದಿಕ್ಕಿಗೆ ದಾಟಿ. ಮುಂದಿನ ಗಾಡಿ ದಡ ಹತ್ತುವ ತನಕ ಹಿಂದಿನದು ಇಳಿಯಬಾರದು. ಒಬ್ಬರ ಅಲೆ ಇನ್ನೊಬ್ಬರ ಬಾನೆಟ್ ಮೇಲೆ ಬರುತ್ತದೆ.

ಮಧ್ಯದಲ್ಲಿ ಎಂಜಿನ್ ನಿಂತುಹೋಯಿತು ಅಂದರೆ? ಸೆಲ್ಫ್ ಹೊಡೆಯಬೇಡಿ. ಕೈ ತಾನಾಗೇ ಕೀಗೆ ಹೋಗುತ್ತದೆ, ತಡೆದುಕೊಳ್ಳಿ. ನೀರು ಸೇರಿ ಮೆಲ್ಲಗೆ ನಿಂತ ಎಂಜಿನ್ನಿನಲ್ಲಿ ರಾಡ್ ಇನ್ನೂ ನೆಟ್ಟಗೇ ಇರಬಹುದು, ಅದನ್ನು ಬಗ್ಗಿಸುವುದು ಆಮೇಲೆ ಹೊಡೆಯುವ ಸೆಲ್ಫ್. ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ, ಎಳೆಸಿಕೊಂಡು ದಡಕ್ಕೆ ಬನ್ನಿ. ಏರ್ ಫಿಲ್ಟರ್ ತೆಗೆದು ನೋಡಿ. ಒಣಗಿದ್ದರೆ ಬಹುಶಃ ವೈರಿನ ಸಮಸ್ಯೆ. ಒದ್ದೆಯಾಗಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ಲಿನಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ, ಸಿಲಿಂಡರಿನ ನೀರು ಹೊರಗೆ ಹೋದ ಮೇಲೆಯೇ ಎಂಜಿನ್ ತಿರುಗಿಸಬೇಕು. ಇದು ಮೇಸ್ತ್ರಿಯ ಕೆಲಸ.

ಇನ್ಶೂರೆನ್ಸ್ ಕಡೆಯವರೂ ಸೆಲ್ಫ್ ಹೊಡೆದಿರಾ ಅಂತಲೇ ಕೇಳುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ನೀರಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆದು ಎಂಜಿನ್ ಹೋದರೆ ಅದಕ್ಕೆ ದುಡ್ಡು ಸಿಗುವುದಿಲ್ಲ. ‘ಎಂಜಿನ್ ಪ್ರೊಟೆಕ್ಟ್’ ಅನ್ನುವ ಆಡ್-ಆನ್ ಬೇರೆ ತಗೋಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದಾಗ ಎಷ್ಟೋ ಜನ ಮೊದಲ ಸಲ ಈ ಹೆಸರು ಕೇಳಿದ್ದು. ರೇಸು, ಟ್ರಯಲ್‌ಗಳಲ್ಲಿ ಆದ ಹಾನಿ ಅಂತೂ ಪಾಲಿಸಿಯಲ್ಲಿ ಬರುವುದೇ ಇಲ್ಲ.

ದಾಟಿ ಬಂದ ಮೇಲೆ

ಮೊದಲ ನೂರು ಮೀಟರ್ ಬ್ರೇಕ್ ಮೇಲೆ ಕಾಲು ಮೆಲ್ಲಗೆ ಇಟ್ಟುಕೊಂಡೇ ಓಡಿಸಿ, ಬಿಸಿಗೆ ನೀರು ಆರುತ್ತದೆ. ಥಾರ್ ತರಹ ಹಿಂದೆ ಡ್ರಮ್ ಬ್ರೇಕ್ ಇದ್ದರೆ ಒಳಗೆ ಮರಳು ಸೇರಿರುತ್ತದೆ, ಊರಿಗೆ ಬಂದು ಡ್ರಮ್ ಬಿಚ್ಚಿಸಿ ತೊಳೆಸಬೇಕು. ರೇಡಿಯೇಟರ್ ಜಾಲರಿಯ ಕೆಸರು ತೊಳೆಯದಿದ್ದರೆ ಹಿಂದಿರುಗುವಾಗ ಘಾಟಿಯಲ್ಲಿ ಎಂಜಿನ್ ಕುದಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ, ನಿಪ್ಪಲ್ ಇದ್ದರೆ, ಹಳೆಯ ಕೊಳಕು ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಗ್ರೀಸ್ ಹೊಡೆಸಿ. ಸಮುದ್ರದ ನೀರಾದರೆ ಅದೇ ದಿನ ಚಾಸಿ ಕೆಳಗೆಲ್ಲ ಸಿಹಿನೀರಿನಲ್ಲಿ ತೊಳೆಯಬೇಕು, ನಾಳೆ ಅನ್ನುವ ಹಾಗಿಲ್ಲ.

ಹೌಸಿಂಗ್ ನೋಡಲು ಗಾಡಿಯನ್ನು ಒಂದು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ಬೆಳಗಾಗುವಷ್ಟರಲ್ಲಿ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಗಾಡಿ ಅಲುಗಿಸುವ ಮುಂಚೆ ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಒಂದೆರಡು ಸುತ್ತು ಸಡಿಲಿಸಿ, ಕೆಳಗೆ ಬೆರಳು ಹಿಡಿಯಿರಿ. ಜೇನಿನ ಬಣ್ಣದ ಆಯಿಲ್ ಬಂದರೆ ಮತ್ತೆ ಬಿಗಿ ಮಾಡಿ ಹೊರಡಿ. ಮೊದಲು ನೀರಿನ ಹನಿ ಬಂದರೆ, ಇಲ್ಲವೇ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಇಳಿಸಿ ಹೊಸದು ತುಂಬಿಸಿ. ಹೊಸ ಆಯಿಲ್ ಕೂಡ ನೂರಿನ್ನೂರು ಕಿಲೋಮೀಟರಿಗೆ ಮಸುಕಾದರೆ ಒಳಗೆ ಉಳಿದಿದ್ದ ನೀರು ಬೆರೆತಿದೆ ಅಂತ, ಇನ್ನೊಂದು ಸಲ ಬದಲಾಯಿಸಬೇಕು. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿಗೂ ಇದೇ ಕ್ರಮ.

ಆಮೇಲಿನ ಒಂದೆರಡು ತಿಂಗಳು ಕಿವಿ ಚುರುಕಾಗಿಡಿ. ಅರವತ್ತರ ವೇಗದಲ್ಲಿ ಒಂದು ಕಡೆಯಿಂದ ಗೊಂಯ್ ಅನ್ನುವ ಸದ್ದು ಶುರುವಾಗಿ, ತಿರುವಿನಲ್ಲಿ ಅದು ಜಾಸ್ತಿಯೋ ಕಡಿಮೆಯೋ ಆದರೆ ಆ ಚಕ್ರದ ಬೇರಿಂಗಿಗೆ ನೀರು ಹೋಗಿ ಗ್ರೀಸ್ ತೊಳೆದುಹೋಗಿದೆ ಅಂತ ಲೆಕ್ಕ. ಬೆಲ್ಟಿನ ಕಡೆಯಿಂದ ಕಿರುಗುಟ್ಟುವ ಸದ್ದು ಬಂದು ಬ್ಯಾಟರಿ ದೀಪ ಮಿನುಗಿದರೆ ಆಲ್ಟರ್ನೇಟರ್ ಬಿಚ್ಚಿಸಿ ನೋಡಿ, ಒಳಗೆ ಕೆಸರು ಒಣಗಿರುತ್ತದೆ.